ರೋಗಿಯ ಗುಟ್ಟು ಕಾಯುವುದೂ ಶುಶ್ರೂಷೆಯೇ
ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಅವರ ರಕ್ತಪರೀಕ್ಷೆಯ ವರದಿಯನ್ನು ಬಂಧುಗಳ ವಾಟ್ಸ್ಆ್ಯಪ್ ಗುಂಪಿಗೆ ಕಳುಹಿಸುವುದು ಇಂದು ವಾಡಿಕೆಯಾಗಿದೆ. ಉದ್ದೇಶ ಕಾಳಜಿಯೇ, ಆದರೆ ಆ ಒಂದು ಚಿತ್ರದಲ್ಲಿ ರೋಗಿಯ ಹೆಸರು, ವಯಸ್ಸು, ಕಾಯಿಲೆಯ ಸುಳಿವು ಎಲ್ಲವೂ ಇರುತ್ತವೆ. ಯಾರಾದರೂ ಅದನ್ನು ಉಳಿಸಿಕೊಂಡು ಮುಂದಕ್ಕೆ ಕಳುಹಿಸಿದರೆ, ನಾವು ಅಳಿಸಿದರೂ ಅದು ಅಳಿಯದು. ಕ್ಷಯವೋ ಮನೋರೋಗವೋ ಬಯಲಾದೀತೆಂಬ ಅಂಜಿಕೆಯಿಂದ ಕೆಲವರು ವೈದ್ಯರ ಬಳಿಗೇ ಹೋಗುವುದಿಲ್ಲ, ಚಿಕಿತ್ಸೆ ತಡವಾಗುತ್ತದೆ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಸಂಬಂಧ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಮನೆಯೊಳಗೂ ಆ ಗೌರವ ಸಲ್ಲಬೇಕು. ವರದಿಯನ್ನು ವೈದ್ಯರಿಗಷ್ಟೇ ಕಳುಹಿಸೋಣ. ಇತರರಿಗೆ ತೋರಿಸುವ ಮುನ್ನ ರೋಗಿಯ ಒಪ್ಪಿಗೆ ಕೇಳೋಣ. ಬೇಡವೆಂದರೆ ಅಲ್ಲಿಗೇ ನಿಲ್ಲಿಸೋಣ.