ಹಿಂದೆ ಮಗಳು, ಕೈಯಲ್ಲಿ ನಕ್ಷೆ

ಆರು ವರ್ಷದ ಮಗಳನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಬಸವನಗುಡಿಯ ಸೈಕಲ್ ಓಟಕ್ಕೆ ಹೋಗಿದ್ದಕ್ಕೆ ನಮ್ಮೂರು ನೊಣವಿನಕೆರೆಯಲ್ಲಿ ನನ್ನನ್ನು ಬೈಯದವರಿಲ್ಲ. ಅಮ್ಮ ಫೋನಿನಲ್ಲೇ ಶುರು ಮಾಡಿದರು: ‘ಆ ಬೆಂಗ್ಳೂರು ಟ್ರಾಫಿಕ್‌ನಲ್ಲಿ ಮಗೂನ ಕಟ್ಕೊಂಡು ರೇಸಿಗೆ ಹೋಗಿದ್ಯಲ್ಲೇ, ಬುದ್ಧಿ ಎಲ್ಲಿಟ್ಟಿದ್ದೆ?’ ದೊಡ್ಡಪ್ಪ ನನ್ನ ಯಜಮಾನರನ್ನೂ ಬಿಡಲಿಲ್ಲ. ಈಗ ತಿಪಟೂರಿನ ಕೆಲವು ಹುಡುಗರು ಇಂಥದ್ದೇ ಓಟ ನಮ್ಮಲ್ಲೂ ಮಾಡಬೇಕೆಂದು ನನ್ನನ್ನು ವಿಚಾರಿಸುತ್ತಿದ್ದಾರೆ. ಅವರಿಗಾಗಿ, ಮಗುವನ್ನು ಕರೆದುಕೊಂಡು ಹೋಗಬೇಕೆನ್ನುವ ತಾಯಂದಿರಿಗಾಗಿ, ನಡೆದದ್ದನ್ನು ಬರೆಯುತ್ತಿದ್ದೇನೆ. ಮತ್ತೆ ಕರೆದರೆ ನಾನು ಹೋಗುವವಳೇ.

ಈ ಓಟದಲ್ಲಿ ಕಾಲಿಗಿಂತ ಕಣ್ಣಿಗೆ ಕೆಲಸ ಹೆಚ್ಚು. ಹೊರಡುವ ಹೊತ್ತಿಗೆ ಇಬ್ಬರ ಟೀಮಿಗೆ ಒಂದು ನಕ್ಷೆ, ಜಾಗಗಳ ಸುಳಿವಿನ ಪಟ್ಟಿ ಕೊಡುತ್ತಾರೆ. ಕೊಟ್ಟ ಸಮಯದೊಳಗೆ ಎಷ್ಟು ಜಾಗ ಹುಡುಕಿ ಠಸ್ಸೆ ಹಾಕಿಸಿಕೊಂಡು ಬರುತ್ತೀರೋ ಅಷ್ಟು ಅಂಕ. ದೂರದ್ದಕ್ಕೆ ಹೆಚ್ಚು, ತಡವಾಗಿ ಬಂದರೆ ಕಡಿತ. ಯಾವುದಕ್ಕೆ ಮೊದಲು ಹೋಗಬೇಕು, ಯಾವುದನ್ನು ಬಿಡಬೇಕು ಎನ್ನುವುದು ಅವರವರ ಲೆಕ್ಕ. ಮೊಬೈಲ್ ನೋಡುವಂತಿಲ್ಲ. ಸ್ವೀಡನ್, ನಾರ್ವೆ ಕಡೆ ಕಾಡಿನಲ್ಲಿ ನಕ್ಷೆ ಹಿಡಿದು ಓಡುವ ಓರಿಯಂಟೀರಿಂಗ್ ಹಳೆಯ ಆಟ. ಅದನ್ನು ಸೈಕಲ್ ಮೇಲೆ ಆಡುವವರಿಗೆ 2002ರಿಂದ ವಿಶ್ವ ಚಾಂಪಿಯನ್‌ಷಿಪ್ಪೇ ಇದೆ.

ನನ್ನದು ಗೇರಿಲ್ಲದ ಲೇಡೀಸ್ ಸೈಕಲ್. 2006–07ರಲ್ಲಿ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಶುರು ಮಾಡಿದಾಗ ಪಡೆದವರಲ್ಲಿ ನಾನೂ ಒಬ್ಬಳು. ತೆಂಗಿನ ತೋಟಗಳ ನಡುವಿನ ದಾರಿಯಲ್ಲಿ, ಮಳೆಗಾಲದ ಕೆಸರಿನಲ್ಲಿ ಹೈಸ್ಕೂಲಿಗೆ ತುಳಿದ ಕಾಲುಗಳಿವು. ಓಟಕ್ಕೆ ಸೈಕಲ್ಲನ್ನು ಊರಿನಲ್ಲೇ ಸಿದ್ಧ ಮಾಡಿಸಿದೆ. ಸೈಕಲ್ ಷಾಪಿನ ಅಣ್ಣ ಹಿಂದಿನ ಚಕ್ರದ ಎರಡೂ ಪಕ್ಕಕ್ಕೆ ಕಬ್ಬಿಣದ ಜಾಲರಿ ಕೂರಿಸಿ, ಮಗು ಕಾಲಿಡಲು ಆಸರೆ ಬೆಸೆದು, ಕ್ಯಾರಿಯರ್‌ಗೆ ಬೆನ್ನಾಸರೆಯ ಸೀಟು ಬೋಲ್ಟ್ ಮಾಡಿಕೊಟ್ಟರು. ಸೊಂಟಕ್ಕೆ ಬೆಲ್ಟು. ಕಾಯಿ ಲೋಡಿನ ಜೊತೆ ಟೆಂಪೋದಲ್ಲಿ ಅದು ಬೆಂಗಳೂರಿಗೆ ಬಂತು. ಓಟದ ದಿನ ಗೇರ್ ಸೈಕಲ್ಲಿನವರು ಆ ಜಾಲರಿ ನೋಡಿ ನಕ್ಕರು.

ಹೊರಟಿದ್ದು ನ್ಯಾಷನಲ್ ಕಾಲೇಜು ಮೈದಾನದ ಹತ್ತಿರದಿಂದ. ಬಸವನಗುಡಿ 1898ರ ಪ್ಲೇಗಿನ ಕಾಲದಲ್ಲಿ ಅಳತೆ ಹಾಕಿ ಕಟ್ಟಿದ ಬಡಾವಣೆ. ನೇರ ರಸ್ತೆ, ನೇರ ಅಡ್ಡರಸ್ತೆ, ದಾರಿ ತಪ್ಪುವುದು ಕಷ್ಟ. ಪಕ್ಕದ ಗವಿಪುರಕ್ಕೆ ಇಳಿದರೆ ಕಥೆ ಬೇರೆ. ಸಂದಿಯೊಳಗೆ ಸಂದಿ. ಕೆಂಪಾಂಬುಧಿ ಕೆರೆಯ ಏರಿ ಹುಡುಕುತ್ತ ಬಂದವರು ಅಲ್ಲೇ ಸುತ್ತುತ್ತಿದ್ದರು. ನಾನು ನಕ್ಷೆ ಮಡಚಿ ಇಳಿಜಾರು ನೋಡಿದೆ. ಕೆರೆ ತಗ್ಗಿನಲ್ಲೇ ಇರಬೇಕು, ಗುಡ್ಡದ ನೀರು ಅಲ್ಲಿಗೇ ಹರಿಯಬೇಕು. ಚರಂಡಿ ಹರಿಯುವ ದಿಕ್ಕು ಹಿಡಿದು ಹೋದೆ, ಏರಿ ಸಿಕ್ಕಿತು. ನೊಣವಿನಕೆರೆಯಂಥ ದೊಡ್ಡ ಕೆರೆಯ ಊರಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಮಗಳು ಬರೀ ಕೂತಿರಲಿಲ್ಲ. ಒಂದನೇ ಕ್ಲಾಸಿನವಳು, ಕನ್ನಡ ಓದುವ ಹುಮ್ಮಸ್ಸು. ರಸ್ತೆಯ ಬೋರ್ಡುಗಳನ್ನೆಲ್ಲ ಅವಳೇ ಕೂಗಿ ಹೇಳುತ್ತಿದ್ದಳು. ‘ಕಾರ್ತಿಕದ ಕಡೇ ಸೋಮವಾರ ನೆಲಗಡಲೆ ರಾಶಿ ಬೀಳುವ ಕಡೆ’ ಎಂಬ ಸುಳಿವು ಓದಿ ಮುಗಿಸುವಷ್ಟರಲ್ಲಿ ‘ಅಮ್ಮ, ದೊಡ್ಡ ಬಸವಣ್ಣ!’ ಅಂದಳು. ಗವಿಪುರದಿಂದ ಅಲ್ಲಿಗೆ ಏರು. ಸೈಕಲ್ ತಳ್ಳಿಕೊಂಡು ಹತ್ತಿದೆವು. ಆಮೇಲೆ ಚಿಕ್ಕದೇವರಾಜ ಒಡೆಯರು ಕಟ್ಟಿಸಿದ, ಟಿಪ್ಪು ಅರಮನೆಯ ಮಗ್ಗುಲಿನ ಗುಡಿ: ಕೋಟೆ ವೆಂಕಟರಮಣ. ದೂರದ್ದು, ಅಂಕ ಹೆಚ್ಚು. ಅದೂ ಆಯಿತು.

ವಾಪಸು ಬರುವಾಗ ಕೆ.ಆರ್. ರಸ್ತೆ. ಭಾನುವಾರವಾದರೂ ಮಾರ್ಕೆಟ್ಟಿನ ಕಡೆಯಿಂದ ಹೂವಿನ ಆಟೋಗಳು, ಬಸ್ಸುಗಳು ಎಡೆಬಿಡದೆ ಬರುತ್ತಿದ್ದವು. ಬೋರ್ಡು ಓದುವ ದನಿ ನಿಂತಿತ್ತು. ‘ಪುಟ್ಟಿ, ಮುಂದಿನ ಬೋರ್ಡ್ ಏನು?’ ಅಂದೆ. ಉತ್ತರ ಇಲ್ಲ. ಇನ್ನೊಮ್ಮೆ ಕೂಗಿದೆ. ಅಷ್ಟರಲ್ಲಿ ಹಿಂಭಾರ ಒಮ್ಮೆಲೇ ಬಲಕ್ಕೆ ಜಗ್ಗಿತು, ಹ್ಯಾಂಡಲ್ ವಾಲಿತು. ಬಲಕ್ಕೆ ಬಸ್ಸು. ಅದರ ಹಾರ್ನು ಕಿವಿಯೊಳಗೇ ಬಡಿದ ಹಾಗಾಯಿತು. ಎಡಗಾಲು ನೆಲಕ್ಕೆ ಕೊಟ್ಟು, ಎರಡೂ ಬ್ರೇಕು ಹಿಡಿದು, ಸೈಕಲ್ಲನ್ನು ಫುಟ್‌ಪಾತಿನ ಅಂಚಿಗೆ ಎಳೆದೆ. ಕೆಳಗಿನಿಂದ ಕರಕರ ಸದ್ದು ಬಂತು, ನಿಂತಿತು. ತಿರುಗಿ ನೋಡಲು ಧೈರ್ಯ ಬರಲಿಲ್ಲ. ನೋಡಿದೆ. ಮಗಳು ಬೆಲ್ಟಿಗೆ ಜೋತುಬಿದ್ದು ಗಾಢ ನಿದ್ದೆಯಲ್ಲಿದ್ದಳು. ಬಲಗಾಲು ಆಸರೆಯಿಂದ ಜಾರಿ, ಶೂ ಜಾಲರಿಗೆ ಒತ್ತಿಕೊಂಡಿತ್ತು. ಜಾಲರಿ ಒಳಕ್ಕೆ ಬಾಗಿ ಕಡ್ಡಿಗಳಿಗೆ ತಾಗುತ್ತಿತ್ತು. ಅದಿಲ್ಲದಿದ್ದರೆ ಹಿಮ್ಮಡಿ ಸೀದಾ ಚಕ್ರದೊಳಗೆ. ಮೂಳೆ ಡಾಕ್ಟರನ್ನು ಕೇಳಿ ನೋಡಿ, ಸೈಕಲ್, ಬೈಕಿನ ಹಿಂದೆ ಕೂತ ಮಕ್ಕಳ ಹಿಮ್ಮಡಿ ಕಡ್ಡಿಗೆ ಸಿಕ್ಕಿ ಚರ್ಮ ಕಿತ್ತುಬರುವುದು, ಮೂಳೆ ಮುರಿಯುವುದು ಅವರಿಗೆ ಹೊಸದಲ್ಲ. ಶೂ ಬಿಚ್ಚಿ, ಬೆರಳು ಒಂದೊಂದೇ ಮುಟ್ಟಿ ನೋಡಿದೆ. ಗೀರೂ ಆಗಿರಲಿಲ್ಲ. ಹೂವಿನ ಬುಟ್ಟಿ ಇಳಿಸುತ್ತಿದ್ದ ಅಜ್ಜಿಯೊಬ್ಬರು ಬಂದು, ‘ಏನಾಗಿಲ್ಲ ಬಿಡವ್ವ, ನೀನು ಮೊದ್ಲು ನೀರು ಕುಡಿ’ ಎಂದು ಚೊಂಬು ಕೊಟ್ಟರು. ಕೈ ನಡುಗಿ ಅರ್ಧ ನೀರು ಚೆಲ್ಲಿತು.

ಅವಳನ್ನು ಎಬ್ಬಿಸಲಿಲ್ಲ. ನನ್ನ ದುಪಟ್ಟಾದಿಂದ ಎದೆಗೆ ಅಡ್ಡಲಾಗಿ ಸೀಟಿಗೆ ಕಟ್ಟಿ, ಒಂದು ಕೈ ಅವಳ ಬೆನ್ನ ಮೇಲಿಟ್ಟು ಸೈಕಲ್ ತಳ್ಳಿಕೊಂಡು ನಡೆದೆ. ಕೊನೆಯ ಠಸ್ಸೆ ಲಾಲ್‌ಬಾಗಿನ ಪಶ್ಚಿಮ ಗೇಟಿನಲ್ಲಿ. ಸಮಯ ಇನ್ನೂ ಇತ್ತು.

ಅಲ್ಲಿದ್ದ ಜಾಕೆಟ್ಟಿನ ಹುಡುಗ ಕಾರ್ಡು ಮುಟ್ಟಲಿಲ್ಲ. ‘ಅಕ್ಕ, ಟೀಮಿನ ಇಬ್ಬರೂ ಕೆಳಗಿಳಿದು ಬರಬೇಕು.’

‘ಮಗು ಮಲಗಿದೆ ಕಣಪ್ಪ.’

‘ಎಬ್ಸಿ ಅಕ್ಕ. ರೂಲ್ಸು.’

ನಿಯಮದ ಹಾಳೆ ತೆಗೆದು ತೋರಿಸಿದೆ. ‘ಇಬ್ಬರೂ ಹಾಜರಿರಬೇಕು’ ಎಂದಷ್ಟೇ ಇತ್ತು. ಮಲಗಿರುವ ಮಗು ಹಾಜರಿಲ್ಲವೇ? ಅವನು ಮೇಲಿನವರಿಗೆ ಫೋನು ಮಾಡಿದ. ಅವರೂ ಆಗುವುದಿಲ್ಲ ಎಂದರು. ಅಂಥ ಗಳಿಗೆ ದಾಟಿ ಬಂದ ಮಗುವನ್ನು ಒಂದು ಠಸ್ಸೆಗಾಗಿ ನಾನು ಎಬ್ಬಿಸುವವಳಲ್ಲ. ಆ ಅಂಕ ಬಿಟ್ಟು ಹೊರಟೆ. ಬಹುಮಾನ ಬರಲಿಲ್ಲ. ಆ ಇಬ್ಬರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

ಹೋಗುವವರಿಗೆ ಹೇಳುವುದು ಇಷ್ಟು. ಜಾಲರಿ ಎರಡೂ ಕಡೆ ಇರಲಿ, ಕಾಲನ್ನೂ ಆಸರೆಗೆ ಪಟ್ಟಿ ಹಾಕಿ ಕಟ್ಟಿ. ಬೈಕಿನಲ್ಲಿ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್, ಕಟ್ಟುಪಟ್ಟಿ ಬೇಕೆಂದು 2022ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ಅದು ಸೈಕಲ್ಲಿನ ಮಾತಾಡುವುದಿಲ್ಲ, ನೀವೇ ಹಾಕಿಸಿ. ಡಬ್ಬಿಯಲ್ಲಿ ಕೊಬ್ಬರಿ-ಬೆಲ್ಲ ಇಟ್ಟುಕೊಳ್ಳಿ. ದೂರದ ಜಾಗಕ್ಕೆ ಮೊದಲು ಹೋಗಿ, ಹತ್ತಿರದ್ದು ಕೊನೆಗಿರಲಿ. ಮಗುವಿನ ಮಾತು ನಿಂತ ಕೂಡಲೇ ಸೈಕಲ್ ನಿಲ್ಲಿಸಿ.

ತಿಪಟೂರಿನ ಹುಡುಗರಲ್ಲಿ ನನ್ನ ಕೋರಿಕೆ: ಬಿ.ಎಚ್. ರಸ್ತೆಯ ಮೇಲೆ ಯಾವ ಠಸ್ಸೆಯ ಜಾಗವನ್ನೂ ಇಡಬೇಡಿ, ಒಳರಸ್ತೆಗಳು ಬೇಕಾದಷ್ಟಿವೆ. ಮಕ್ಕಳಿರುವ ಜೋಡಿಗೆ ನಿಯಮ ಬೇರೆ ಬರೆಯಿರಿ, ಮಗು ಮಲಗಿದ್ದರೂ ಠಸ್ಸೆ ಉಂಟು ಎಂದು ಅದರಲ್ಲಿ ಅಚ್ಚು ಹಾಕಿಸಿ. ಠಸ್ಸೆ ಹಾಕುವ ಮೇಜಿನಲ್ಲಿ ಮಕ್ಕಳನ್ನು ಸಾಕಿದವರೊಬ್ಬರನ್ನು ಕೂರಿಸಿ. ಇಷ್ಟು ಮಾಡಿದರೆ ಮೊದಲ ಹೆಸರು ನಮ್ಮಿಬ್ಬರದು ಬರೆದುಕೊಳ್ಳಿ.