ಹೆಪ್ಪು ಕರಗಿಸುವ ಇಂಜೆಕ್ಷನ್ ಯಾಕೆ ಕೊಡಲಿಲ್ಲ?

ಮಂಡಿ ಆಪರೇಷನ್ ಆದ ಹತ್ತನೇ ದಿನ ಅಪ್ಪನ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತು, ಅಷ್ಟೊಂದು ವೈದ್ಯರು ಸೇರಿ ಚರ್ಚಿಸಿಯೂ ಕೊಟ್ಟಿದ್ದು ಹೆಪ್ಪು ಬೆಳೆಯದಂತೆ ತಡೆಯುವ ಹೆಪಾರಿನ್ ಮಾತ್ರ ಎಂದು ನೊಂದುಕೊಂಡಿದ್ದೀರಿ. ಅದು ಅಸಡ್ಡೆಯಲ್ಲಮ್ಮ.

ಹೆಪ್ಪು ಕರಗಿಸುವ ಔಷಧಿ ಹಸಿ ಗಾಯದಲ್ಲಿ, ಕೆಲವೊಮ್ಮೆ ಮಿದುಳಿನಲ್ಲೂ ರಕ್ತಸ್ರಾವ ಮಾಡಿಸಬಲ್ಲದು. ಬಿಪಿ ಕುಸಿದು ಜೀವ ಹೋಗುವಂತಿದ್ದರೆ ಆ ಅಪಾಯಕ್ಕೂ ಸಿದ್ಧರಾಗುತ್ತೇವೆ. ನಿಮ್ಮ ತಂದೆಯ ಬಿಪಿ ಸರಿಯಿತ್ತು. ಎಕೋದಲ್ಲಿ ಹೃದಯದ ಬಲಭಾಗ ದಣಿದಿತ್ತು. ನನ್ನ ಮಟ್ಟಿಗೆ ಈ ನಡುವಿನ ಸ್ಥಿತಿಯೇ ಅತ್ಯಂತ ಕಠಿಣ. ಕ್ಯಾತಿಟರ್ ಹಾಕಿ ಹೆಪ್ಪು ತೆಗೆಯಬೇಕೇ, ಶಸ್ತ್ರಚಿಕಿತ್ಸೆಯೇ, ಹೆಪಾರಿನ್ ಕೊಟ್ಟು ಕಣ್ಣಿಟ್ಟು ಕಾಯುವುದೇ? ಒಬ್ಬರೇ ನಿರ್ಧರಿಸುವುದು ಕಷ್ಟ. ಅದಕ್ಕೆಂದೇ ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆ 2012ರಲ್ಲಿ ಹೃದಯ, ಶ್ವಾಸಕೋಶ, ತುರ್ತು ಚಿಕಿತ್ಸೆ, ಶಸ್ತ್ರಚಿಕಿತ್ಸೆಯ ತಜ್ಞರನ್ನು ಒಂದೇ ಕರೆಗೆ ಸೇರಿಸುವ ‘ಪರ್ಟ್’ ತಂಡ ಕಟ್ಟಿತು. ಕಾಯೋಣ ಎಂದು ಇಂಥ ತಂಡ ಹೇಳಿದರೂ ಪರಿಸ್ಥಿತಿ ಬಿಗಡಾಯಿಸಿದರೆ ಮುಂದಿನ ಹೆಜ್ಜೆ ಸಿದ್ಧವಿರುತ್ತದೆ.

ಈಗ ನಿಮ್ಮ ಕೆಲಸ: ರಕ್ತ ತೆಳುವಾಗಿಸುವ ಮಾತ್ರೆ ಕನಿಷ್ಠ 3 ತಿಂಗಳು, ಒಂದು ದಿನವೂ ತಪ್ಪದಂತೆ ನೋಡಿಕೊಳ್ಳಿ. ಮಂಡಿ ನೋವೆಂದು ಮೆಡಿಕಲ್ ಶಾಪ್‌ನಿಂದ ಮಾತ್ರೆ ತಂದು ಕೊಡಲೇಬೇಡಿ. 3 ತಿಂಗಳ ನಂತರವೂ ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ಮತ್ತೆ ಎಕೋ ಮಾಡಿಸಿ. ಮಲ ಕಪ್ಪಾದರೆ, ಎಚ್ಚರ ತಪ್ಪಿದರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.