ಲ್ಯಾಪ್‌ಟಾಪಿನ ವಾಯ್‌ಫಾಯ್ ಮೇಲಿಂದ ಮೇಲೆ ಕಡಿಯುವುದೇಕೆ?



ಹನಿ ನೀರಾವರಿಯಲ್ಲಿ ಒಂದು ಸಾಲಿಗೆ ನೀರು ಬಾರದಿದ್ದರೆ ನಾವು ಮೊದಲೇ ಮೋಟಾರು ಬಿಚ್ಚುವುದಿಲ್ಲ. ಬದಿಯ ಸಾಲಿಗೆ ನೀರು ಬರುತ್ತಿದೆಯೇ ಎಂದು ನೋಡುತ್ತೇವೆ. ಬರುತ್ತಿದ್ದರೆ ದೋಷ ಆ ಒಂದು ಪೈಪಿನದು. ಯಾವ ಸಾಲಿಗೂ ಇಲ್ಲದಿದ್ದರೆ ಫಿಲ್ಟರಿನತ್ತ ಹೋಗುತ್ತೇವೆ. ಮನೆಯ ಲ್ಯಾಪ್‌ಟಾಪಿಗೆ ಇಂಟರ್‌ನೆಟ್ ಬಂದು ಬಂದು ಹೋಗುವಾಗಲೂ ಇದೇ ಕ್ರಮವನ್ನು ಅನುಸರಿಸತಕ್ಕದ್ದು. ಆದರೆ ಅಲ್ಲಿ ನಮಗೆ ಈ ತಾಳ್ಮೆ ಇರುವುದಿಲ್ಲ.

ನಮ್ಮ ಮನೆಯದೇ ಮಾತು. ಮಗಳ ಕಾಲೇಜು ಪ್ರವೇಶದ ಅರ್ಜಿ ತುಂಬುವ ಕೊನೆಯ ದಿನ ಸಂಪರ್ಕ ಮೂರು ಸಲ ಅರ್ಧಕ್ಕೇ ಕಡಿಯಿತು. ಕೊನೆಗೆ ನನ್ನ ಮೊಬೈಲಿನ ಹಾಟ್‌ಸ್ಪಾಟ್ ಹಚ್ಚಿ ಅದೇ ಲ್ಯಾಪ್‌ಟಾಪಿನಿಂದ ಅರ್ಜಿ ಮುಗಿಸಿದೆವು. ಮರುದಿನ ಹೊಸ ಲ್ಯಾಪ್‌ಟಾಪ್ ಕೊಳ್ಳಲು ಕಬ್ಬಿನ ಬಿಲ್ಲಿನ ಹಣ ತೆಗೆದಿಟ್ಟೆ. ಹಾಟ್‌ಸ್ಪಾಟಿನ ಮೇಲೆ ಒಂದು ತಾಸು ತಡೆಯಿಲ್ಲದೆ ನಡೆದ ಲ್ಯಾಪ್‌ಟಾಪ್ ಕೆಟ್ಟಿರಲಾರದೆಂಬುದು ಆಗ ಹೊಳೆಯಲೇ ಇಲ್ಲ. ಧೂಳು ಬೀಳಬಾರದೆಂದು ರೌಟರನ್ನು ಕಬ್ಬಿಣದ ಕಪಾಟಿನಲ್ಲಿ ಇಟ್ಟವನೂ ನಾನೇ!

ಆದಕಾರಣ ಮೊದಲ ಪರೀಕ್ಷೆ ಇದು. ಲ್ಯಾಪ್‌ಟಾಪಿನಲ್ಲಿ ಸಂಪರ್ಕ ಕಡಿದ ಕೂಡಲೇ ಅದೇ ವಾಯ್‌ಫಾಯ್‌ಗೆ ಜೋಡಿಸಿದ ಮೊಬೈಲನ್ನು ನೋಡಿರಿ. ಮೊಬೈಲಿನ ಡಾಟಾ ಬಂದ್ ಇರಬೇಕು. ಇಲ್ಲವಾದರೆ ಅದು ಸದ್ದಿಲ್ಲದೆ ಡಾಟಾಕ್ಕೆ ಹೊರಳಿ ನಿಮ್ಮನ್ನು ಮೋಸಗೊಳಿಸುತ್ತದೆ. ಮೊಬೈಲೂ ನಿಂತಿದ್ದರೆ ದೋಷ ರೌಟರಿನದು ಅಥವಾ ಹೊರಗಿನ ಲೈನಿನದು. ದೋಷ ಗಾಳಿಯ ದಾರಿಯಲ್ಲಷ್ಟೇ ಇದೆಯೇ ಎಂದು ತಿಳಿಯಲು ರೌಟರಿನಿಂದ ಲ್ಯಾಪ್‌ಟಾಪಿಗೆ ನೇರವಾಗಿ ಕೇಬಲ್ ಹಚ್ಚಿರಿ. ಕೇಬಲಿನ ಮೇಲೂ ಕಡಿದರೆ ಲೈನ್ ಅಥವಾ ರೌಟರ್ ಕೆಟ್ಟಿದೆ. ಕೇಬಲಿನ ಮೇಲೆ ಸರಿಯಾಗಿ ನಡೆದರೆ ತೊಂದರೆ ಇರುವುದು ಗಾಳಿಯ ದಾರಿಯಲ್ಲಿ.

ಈ ಗಾಳಿಯ ದಾರಿಯ ವಿಷಯವನ್ನು ತುಸು ವಿವರವಾಗಿ ತಿಳಿಯುವುದು ಒಳ್ಳೆಯದು. ಮನೆಯ ರೌಟರುಗಳು ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಝ್ ಎಂಬ ಎರಡು ಪಟ್ಟಿಗಳಲ್ಲಿ ಕೆಲಸ ಮಾಡುತ್ತವೆ. 5ರದು ವೇಗ ಹೆಚ್ಚು, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ನಮ್ಮ ಭಾಗದ ದಪ್ಪ ಕಲ್ಲುಗೋಡೆಯ ಮನೆಗಳಲ್ಲಿ ಒಳಕೋಣೆಗೆ ಹೋಗುವಷ್ಟರಲ್ಲಿ ಅದು ಸೋಲುತ್ತದೆ, ಅಲ್ಲಿ 2.4 ಮೇಲು. ಕಬ್ಬಿಣದ ಕಪಾಟು, ತಗಡಿನ ಪತ್ರಾ, ನೀರಿನ ಟಾಕಿ, ಇವು ಅಡ್ಡ ಬಂದರೆ ಎರಡಕ್ಕೂ ಕಷ್ಟ. ರೌಟರನ್ನು ಮನೆಯ ನಡುವೆ, ಎದೆಯೆತ್ತರಕ್ಕಿಂತ ಮೇಲೆ, ತೆರೆದ ಜಾಗದಲ್ಲಿ ಇಡತಕ್ಕದ್ದು.

2.4ರ ಪಟ್ಟಿ ನಮ್ಮ ದೇಶದಲ್ಲಿ 2005ರಿಂದ ಪರವಾನಗಿ ಬೇಡದ ಪಟ್ಟಿ. ಊರ ಗಾಯರಾಣದಂತೆ ಎಲ್ಲರೂ ಅಲ್ಲಿಯೇ ನುಗ್ಗುತ್ತಾರೆ: ನೆರೆಮನೆಯ ರೌಟರ್, ಬ್ಲೂಟೂತ್, ಮೈಕ್ರೋವೇವ್ ಒಲೆಯ ಸೋರಿಕೆಯೂ ಸಹ. ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಮಾತ್ರ. ಓಣಿಯಲ್ಲಿ ಮನೆಗಳು ಒತ್ತಾಗಿದ್ದರೆ ಈ ಮೂರರಲ್ಲಿ ಖಾಲಿ ಇರುವುದನ್ನು ರೌಟರಿನ ಸೆಟ್ಟಿಂಗಿನಲ್ಲಿ ಆರಿಸಿರಿ. ವಸ್ತಿಯ ಮೇಲೆ ಒಂಟಿ ಮನೆಯಿದ್ದವರಿಗೆ ಈ ಚಿಂತೆಯಿಲ್ಲ. ಅವರಿಗೆ ಲೈಟಿನ ಚಿಂತೆ. ಲೈಟ್ ಹೋಗಿ ಇನ್ವರ್ಟರ್ ಹಿಡಿಯುವ ಕ್ಷಣದಲ್ಲಿ ರೌಟರ್ ಒಮ್ಮೆ ಆರಿ ಹತ್ತಿದರೂ ಸಂಪರ್ಕ ಮರಳಲು ಒಂದೆರಡು ನಿಮಿಷ ಹಿಡಿಯುತ್ತದೆ. ರೌಟರಿಗೆಂದೇ ಸಿಗುವ ಸಣ್ಣ ಬ್ಯಾಟರಿ ಯುಪಿಎಸ್ ಇದಕ್ಕೆ ಪರಿಹಾರ. ಕೊಳ್ಳುವ ಮೊದಲು ರೌಟರಿನ ಅಡಾಪ್ಟರ್ ಮೇಲಿನ ವೋಲ್ಟ್ ಮತ್ತು ಆಂಪಿಯರ್ ಬರೆದುಕೊಂಡು ಹೋಗಿರಿ.

ಇನ್ನು ಮೊಬೈಲ್ ಸರಿಯಿದ್ದು ಲ್ಯಾಪ್‌ಟಾಪ್ ಒಂದೇ ಕಡಿಯುತ್ತಿದ್ದರೆ, ಬ್ಯಾಟರಿ ಉಳಿಸಲೆಂದು ಅದು ತನ್ನ ವಾಯ್‌ಫಾಯ್ ಭಾಗವನ್ನು ತಾನೇ ಮಲಗಿಸುತ್ತಿರಬಹುದು. ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದು, ನೆಟ್‌ವರ್ಕ್ ಅಡಾಪ್ಟರ್ಸ್ ಎಂಬಲ್ಲಿ ವಾಯ್‌ಫಾಯ್ ಹೆಸರಿನದನ್ನು ಒತ್ತಿ, ಪವರ್ ಮ್ಯಾನೇಜ್‌ಮೆಂಟ್ ಪುಟದ ಮೊದಲ ಗುರುತನ್ನು ತೆಗೆಯಿರಿ. ಕೆಲವು ಯಂತ್ರಗಳಲ್ಲಿ ಈ ಪುಟ ಕಾಣಿಸುವುದಿಲ್ಲ. ಆಗ ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯ ತಾಣದಿಂದಲೇ ಹೊಸ ಡ್ರೈವರ್ ಹಾಕಿಸಿರಿ. ಉಳಿಸಿಟ್ಟ ವಾಯ್‌ಫಾಯ್ ಹೆಸರನ್ನು ಅಳಿಸಿ, ಪಾಸ್‌ವರ್ಡ್ ಕೊಟ್ಟು ಮರಳಿ ಜೋಡಿಸಿದರೂ ಕೆಲವೊಮ್ಮೆ ಸರಿಹೋಗುತ್ತದೆ.

ದೋಷ ಲೈನಿನದೆಂದು ಕಂಡರೆ ದೂರು ಕೊಡುವ ಮೊದಲು ಎರಡು ಮೂರು ದಿನ ಒಂದು ವಹಿಯಲ್ಲಿ ಬರೆದಿಡಿರಿ: ಎಷ್ಟು ಗಂಟೆಗೆ ಕಡಿಯಿತು, ಕೇಬಲಿನ ಮೇಲೂ ಕಡಿದಿತ್ತೇ, ರೌಟರಿನ ಮೇಲೆ ಕೆಂಪು ದೀಪವಿತ್ತೇ. ದುರಸ್ತಿಗೆ ಬಂದವನು ಲ್ಯಾಪ್‌ಟಾಪ್ ಕೆಟ್ಟಿದೆ ಎಂದು ಹೇಳಿ ಹೊರಡುವ ಮುಂಚೆ ಆ ವಹಿಯನ್ನು ಅವನ ಮುಂದೆ ಇಡಿರಿ.